ಬಸುರಿಯ ಬಿಪಿ ಮತ್ತು ಒಂದು ರಕ್ತಪರೀಕ್ಷೆ

(ಪಯ್ಯಂಪಳ್ಳಿಯಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣದ ಬರಹರೂಪ)



ಹೆಂಗಸರ ವಿಷಯ ಅಂತ ಹುಡುಗರು ಎದ್ದು ಹೋಗಬೇಡಿ. ರಾತ್ರಿ ಜೀಪು ಕರೆಯೋರು ನೀವೇ, ರಕ್ತ ಕೊಡೋರೂ ನೀವೇ.

ನನ್ನ ದೊಡ್ಡಮ್ಮನ ಮಗಳು ಶುಂಠಿ ಕೆಲಸಕ್ಕೆ ಕೊಡಗಿಗೆ ಹೋಗಿದ್ದಳು. ಏಳು ತಿಂಗಳ ಬಸುರಿ. ಮುಖ, ಕೈ ಊದಿಕೊಂಡಿತ್ತು. ಬಸುರಿಗೆ ಮೈ ಬರೋದು ಸಹಜ ಅಂದರು. ತಲೆನೋವಿಗೆ ಅಂಗಡಿ ಮಾತ್ರೆ ನುಂಗಿದಳು. ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗುತ್ತೆ ಅಂತ ನನಗೇ ಫೋನಲ್ಲಿ ಹೇಳಿದ್ದಳು. ನಾನು ಆಗ ನರ್ಸಿಂಗ್ ಓದುತ್ತಿದ್ದೆ, ನನಗೂ ಹೊಳೆಯಲಿಲ್ಲ. ಆ ರಾತ್ರಿಯೇ ಫಿಟ್ಸ್ ಬಂತು. ಅವಳು ಉಳಿದಳು, ಮಗು ಉಳಿಯಲಿಲ್ಲ. ಅವಳ ಬಿಪಿ ಬರೆದಿದ್ದ ಕಾರ್ಡು ಇಲ್ಲಿ, ಮನೆ ಪೆಟ್ಟಿಗೆಯಲ್ಲಿತ್ತು.

ಈ ಕಾಯಿಲೆಯ ಹೆಸರು ಪ್ರಿಎಕ್ಲಾಂಪ್ಸಿಯಾ. ಐದು ತಿಂಗಳು ಕಳೆದ ಮೇಲೆ ಬಿಪಿ 140/90 ದಾಟುತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ. 160/110 ಮುಟ್ಟಿದರೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ, ಲಿವರ್, ಕಿಡ್ನಿ ಕೆಟ್ಟರೆ ಅದು ತೀವ್ರ. ದೆವ್ವ ಮೆಟ್ಟಿದ್ದಲ್ಲ, ಯಾರ ಕಣ್ಣೂ ಬಿದ್ದದ್ದಲ್ಲ.

ಮೂಲ ಇರುವುದು ಮಾಸಿನಲ್ಲಿ, ಅಂದರೆ ಮಗುವಿಗೆ ರಕ್ತ ಕೊಡುವ ಪ್ಲಾಸೆಂಟಾದಲ್ಲಿ. ರಕ್ತನಾಳ ಚೆನ್ನಾಗಿ ಬೆಳೆಯಲಿ ಅಂತ ಮಾಸು ಪಿಎಲ್‌ಜಿಎಫ್ ಎಂಬ ಪ್ರೋಟೀನ್ ಬಿಡುತ್ತೆ. ಮಾಸಿಗೇ ರಕ್ತ ಸಾಲದಾದಾಗ ಎಸ್‌ಫ್ಲಿಟ್-1 ಎಂಬ ಇನ್ನೊಂದು ಪ್ರೋಟೀನ್ ಜಾಸ್ತಿಯಾಗಿ, ಮೊದಲನೆಯದನ್ನು ಹಿಡಿದು ಕಟ್ಟಿಹಾಕುತ್ತೆ. ತಾಯಿಯ ರಕ್ತನಾಳಗಳು ಬಿಗಿಯುತ್ತವೆ, ಸೋರುತ್ತವೆ. 2003ರಲ್ಲಿ ಇದನ್ನು ತೋರಿಸಿಕೊಟ್ಟ ತಂಡದ ಮುಂದಾಳು ಅನಂತ ಕರುಮಂಚಿ, ನಮ್ಮ ದೇಶದಿಂದ ಅಮೆರಿಕಕ್ಕೆ ಹೋದ ಕಿಡ್ನಿ ಡಾಕ್ಟರು.

ಈಗ ತಾಯಿಯ ರಕ್ತದಲ್ಲಿ ಇವೆರಡರ ಅನುಪಾತ ಅಳೆಯುತ್ತಾರೆ. 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಕಾಯಿಲೆ ಬರುವ ಸಂಭವ ಬಹಳ ಕಡಿಮೆ ಅಂತ 2016ರ ಅಧ್ಯಯನ ಹೇಳಿತು. 2023ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಇಂಥ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಬಿಪಿ ಏರಿ ಆಸ್ಪತ್ರೆ ಸೇರಿದ, 23ರಿಂದ 35 ವಾರದೊಳಗಿನ ಬಸುರಿಗೆ ಅನುಪಾತ 40 ಅಥವಾ ಹೆಚ್ಚಿದ್ದರೆ, ಎರಡು ವಾರದೊಳಗೆ ಕಾಯಿಲೆ ತೀವ್ರವಾಗುವ ಅಪಾಯ ಹೆಚ್ಚು.

ಗೊತ್ತಾಗಿ ಏನು ಲಾಭ ಅಂತ ಕೇಳಬಹುದು. ಪರೀಕ್ಷೆ ಕಾಯಿಲೆ ವಾಸಿ ಮಾಡಲ್ಲ, ನಿಜ. ಆದರೆ ನಮ್ಮಂಥ ಜಾಗಕ್ಕೆ ಎರಡು ವಾರ ಅಂದರೆ ದೊಡ್ಡ ವಿಷಯ. ಮಾನಂತವಾಡಿಯಲ್ಲೇ ಇರಿಸಿಕೊಳ್ಳೋದೋ, ಘಾಟಿ ಇಳಿಸಿ ಕೋಝಿಕ್ಕೋಡಿಗೆ ಕಳಿಸೋದೋ ಅನ್ನೋದನ್ನು ಹಗಲಲ್ಲೇ ತೀರ್ಮಾನಿಸಬಹುದು. ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡಬಹುದು. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ, ಅಗ್ಗದ ಔಷಧಿ. ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತೆ ಅಂತ 2002ರಲ್ಲೇ ಗೊತ್ತಾಗಿದೆ.

ನಾಳೆಯೇ ಪಿಎಚ್‌ಸಿಗೆ ಹೋಗಿ ಆ ಅನುಪಾತದ ಪರೀಕ್ಷೆ ಮಾಡಿ ಅಂದರೆ ಸಿಗಲ್ಲ. ಅಲ್ಲಿನ ಸಾಮಾನ್ಯ ಪರೀಕ್ಷೆಗಳಲ್ಲಿ ಅದಿಲ್ಲ. ಸಿಗಬೇಕು ಅಂತ ಕೇಳೋದು ನಮ್ಮ ಹಕ್ಕು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಬಾಬಾಸಾಹೇಬರು ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಮಾತಾಡಿದ್ದು ಕೂಲಿ ಹೆಂಗಸರಿಗಾಗಿಯೇ. ಆದರೆ ಅದು ಬರೋ ತನಕ ಇರೋದನ್ನು ಬಿಡಬಾರದು. ಬಿಪಿ ಪಟ್ಟಿ, ಮೂತ್ರಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಇವೆಲ್ಲ ಇಲ್ಲೇ ಆಗುತ್ತೆ. ಚೊಚ್ಚಲು, ಅವಳಿ, ಹಿಂದಿನ ಬಸುರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ನಮ್ಮ ವಯನಾಡಿನ ಸಿಕಲ್ ಸೆಲ್, ಇವುಗಳಲ್ಲಿ ಯಾವುದಿದ್ದರೂ ಮೂರನೇ ತಿಂಗಳಲ್ಲೇ ಡಾಕ್ಟರಿಗೆ ಹೇಳಿ. ಬೇಕಾದವರಿಗೆ ಅವರು ಸಣ್ಣ ಪ್ರಮಾಣದ ಆಸ್ಪಿರಿನ್ ಬರೆಯುತ್ತಾರೆ. ನೀವೇ ಅಂಗಡಿಯಲ್ಲಿ ಕೊಳ್ಳಬೇಡಿ.

ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಬಲ ಪಕ್ಕೆಯ ಕೆಳಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹೆರಿಗೆ ಆದ ಮೇಲೂ ಇದು ಬರಬಹುದು. ಕೊಡಗಿಗೆ ಹೋಗುವ ಬಸುರಿ ಬಟ್ಟೆಗಿಂತ ಮೊದಲು ಕಾರ್ಡು ಚೀಲಕ್ಕೆ ಹಾಕಿಕೊಳ್ಳಲಿ. ಅದರ ಫೋಟೋ ಗಂಡನ ಫೋನಲ್ಲೂ ಇರಲಿ.

ಬಿಪಿ ಮಿಷನ್ ತಂದಿದ್ದೇನೆ. ಊಟ ಆಗೋ ತನಕ ವೇದಿಕೆ ಪಕ್ಕದ ಕೋಣೆಯಲ್ಲಿ ಕೂತಿರುತ್ತೇನೆ. ಬಸುರಿಯರು ಮೊದಲು ಬನ್ನಿ, ಆಮೇಲೆ ಅತ್ತೆಯಂದಿರು.