ಕಾರಣ ಎಂತ ಬರೆದಿದ್ದಾರೆ?

(ದುಕ್ಮ್‌ನಲ್ಲಿ ಗುರುವಾರ ರಾತ್ರಿ ಇಶಾ ನಮಾಝಿನ ನಂತರ ನಡೆದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಉಸ್ತಾದರೇ, ಘಟಕದ ಅಧ್ಯಕ್ಷರೇ, ಡ್ಯೂಟಿ ಮುಗಿಸಿ ಸ್ನಾನ ಮಾಡಿ ನೇರ ಇಲ್ಲಿಗೆ ಬಂದಿರುವ ಪ್ರೀತಿಯ ಸಹೋದರರೇ,

ನನಗೆ ಕೊಟ್ಟಿದ್ದ ವಿಷಯ ಉಳಿತಾಯ. ಬಿ.ಕಾಂ. ಓದಿದವನು, ಲೆಕ್ಕ ಬರೆಯುವವನು, ಇವನು ಉಳಿತಾಯದ ಬಗ್ಗೆ ಮಾತಾಡಲಿ ಅಂತ ಕಾರ್ಯದರ್ಶಿ ಅಂದುಕೊಂಡಿದ್ದರು. ನಾನೇ ಅವರಿಗೆ ಫೋನ್ ಮಾಡಿ ವಿಷಯ ಬದಲಿಸಿದೆ. ಇವತ್ತು ಸಾವಿನ ಬಗ್ಗೆ ಮಾತಾಡುತ್ತೇನೆ. ಹೆದರಬೇಡಿ, ಖಬರಿನ ವಿಷಯ ಉಸ್ತಾದರಿಗೆ ಬಿಟ್ಟದ್ದು. ನಾನು ಮಾತಾಡುವುದು ಕಾಗದದ ಬಗ್ಗೆ.

ಕಂಪೆನಿಯಲ್ಲಿ ಒಬ್ಬ ಕಾರ್ಮಿಕ ತೀರಿಕೊಂಡರೆ ಅವನ ಕೊನೆಯ ಫೈಲ್ ಬರುವುದು ಅಕೌಂಟ್ಸ್ ಮೇಜಿಗೆ. ಬಾಕಿ ಸಂಬಳ, ರಜೆಯ ಹಣ, ಗ್ರಾಚ್ಯುಟಿ, ಟಿಕೆಟ್. ಇಷ್ಟು ವರ್ಷದಲ್ಲಿ ಇಂತಹ ಕೆಲವು ಫೈಲ್‌ಗಳು ನನ್ನ ಕೈಯಿಂದ ಹೋಗಿವೆ. ಅದರಲ್ಲಿ ಒಂದು ನಮ್ಮ ಬಂಟ್ವಾಳ ಕಡೆಯ ಹುಡುಗನದ್ದು. ಹುಡುಗ ಅಂತ ಹೇಳುವುದು ಅಭ್ಯಾಸ, ಪ್ರಾಯ 38. ಸ್ಕಫೋಲ್ಡಿಂಗ್ ಕೆಲಸ. ರಾತ್ರಿ ಊಟ ಮಾಡಿ, ಊರಿಗೆ ಫೋನ್ ಮಾಡಿ ಮಲಗಿದವನು ಸುಬ್‌ಹಿಗೆ ಏಳಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಸಾವಿನ ಕಾರಣ ಅಂತ ಇದ್ದದ್ದು ಎರಡೇ ಮಾತು: ಹೃದಯ ಸ್ತಂಭನ, ಸಹಜ ಸಾವು.

ಅವನ ತಮ್ಮ ಊರಿನಿಂದ ನನಗೆ ಫೋನ್ ಮಾಡಿದ. 'ಕಾಕ, ಹೃದಯ ನಿಂತಿತು ಅಂತ ಗೊತ್ತಾಯ್ತು. ಯಾರು ಸತ್ತರೂ ಹೃದಯ ನಿಲ್ತದಲ್ಲ. ಯಾಕೆ ನಿಂತಿತು ಅಂತ ಬರೆದಿದ್ದಾರಾ? ಉಮ್ಮ ಕೇಳ್ತಾ ಇದ್ದಾರೆ.'

ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮ ಲೆಕ್ಕದಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಉಂಟು. ಯಾವ ಖರ್ಚು ಯಾವ ತಲೆಗೆ ಹಾಕಬೇಕು ಅಂತ ಗೊತ್ತಾಗದಿದ್ದರೆ ತಾತ್ಕಾಲಿಕವಾಗಿ ಅದರಲ್ಲಿ ಹಾಕಿಡುತ್ತೇವೆ. ಒಂದೆರಡು ಎಂಟ್ರಿ ಇದ್ದರೆ ಯಾರೂ ಕೇಳುವುದಿಲ್ಲ. ವರ್ಷದ ಕೊನೆಗೆ ಅರ್ಧ ಖರ್ಚು ಅದರಲ್ಲೇ ಕುಳಿತಿದ್ದರೆ ಆಡಿಟರ್ ಬಿಡುತ್ತಾನಾ? 'ಹೃದಯ ಸ್ತಂಭನ' ಎಂಬುದು ಸಾವಿನ ಲೆಕ್ಕದ ಸಸ್ಪೆನ್ಸ್ ಅಕೌಂಟ್. ಇದು ನನ್ನ ಮಾತಲ್ಲ. ಸಾವಿನ ಪ್ರಮಾಣಪತ್ರದಲ್ಲಿ ಹೃದಯ ನಿಂತದ್ದು, ಉಸಿರು ನಿಂತದ್ದು ಇಂಥದ್ದನ್ನು ಮಾತ್ರ ಕಾರಣವೆಂದು ಬರೆಯಬಾರದು, ಅದಕ್ಕೆ ದಾರಿಮಾಡಿದ ಮೂಲ ಕಾಯಿಲೆ ಅಥವಾ ಗಾಯವನ್ನು ಬರೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಡಾಕ್ಟರನ್ನು ನಾನು ದೂರುವುದಿಲ್ಲ. ಪ್ರಾಣ ಹೋದ ಮೇಲೆ ತಂದ ದೇಹ, ಹಿಂದಿನ ಒಂದು ಚೀಟಿಯೂ ಇಲ್ಲ, ಜೊತೆಗೆ ಬಂದವರಿಗೆ ಅವನ ಕಾಯಿಲೆ ಗೊತ್ತಿಲ್ಲ. ಅವರಾದರೂ ಎಂತ ಬರೆಯುವುದು?

ಈಗ ಈ ದೇಶದ ಲೆಕ್ಕ ಸ್ವಲ್ಪ ನೋಡುವ. 1970ರಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದಾಗ ಒಮಾನಿನವರ ಸರಾಸರಿ ಆಯುಷ್ಯ 50ರ ಆಸುಪಾಸು. ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಮೊದಲ ವರ್ಷ ದಾಟುತ್ತಿರಲಿಲ್ಲ. ಮಲೇರಿಯಾ, ವಾಂತಿಭೇದಿ, ಹೆರಿಗೆಯ ತೊಂದರೆ ಜೀವ ತೆಗೆಯುತ್ತಿದ್ದವು. ಇಡೀ ದೇಶದಲ್ಲಿ ಡಾಮರು ರಸ್ತೆ ಹತ್ತು ಕಿಲೋಮೀಟರ್ ಇತ್ತು ಅಂತ ಹೇಳುತ್ತಾರೆ. ಇವತ್ತು ಆಯುಷ್ಯ 75 ದಾಟಿದೆ, ಮಕ್ಕಳ ಸಾವು ಸಾವಿರಕ್ಕೆ ಹತ್ತರ ಆಸುಪಾಸಿಗೆ ಇಳಿದಿದೆ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಯನ್ನು ತೂಗಿ ನೋಡಿದಾಗ ಒಮಾನ್ 8ನೇ ಸ್ಥಾನದಲ್ಲಿತ್ತು, ನಮ್ಮ ಭಾರತ 112ರಲ್ಲಿ. ನಾವು ಅನ್ನ ತಿನ್ನುವ ದೇಶ, ಅದರ ಒಳ್ಳೆಯದನ್ನು ಹೇಳಲೇಬೇಕು.

ಹಳೆಯ ಕಾಯಿಲೆಗಳು ಹೋದ ಜಾಗಕ್ಕೆ ಬೇರೆ ಬಂದವು. ಈಗ ಇಲ್ಲಿ ಜೀವ ತೆಗೆಯುವುದರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯೇ ಮುಂದೆ, ಮೂರು ಸಾವಿನಲ್ಲಿ ಒಂದು ಅದರಿಂದ ಅಂತ ಇಟ್ಟುಕೊಳ್ಳಿ. ಅದರ ಹಿಂದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್. ನಂತರ ರಸ್ತೆ. 2012ರಲ್ಲಿ ಒಮಾನಿನ ರಸ್ತೆಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ಕ್ಯಾಮರಾ, ದಂಡ, ಡಬಲ್ ರೋಡ್ ಬಂದ ಮೇಲೆ ಈಚಿನ ವರ್ಷಗಳಲ್ಲಿ ಅದು ಅರ್ಧದ ಹತ್ತಿರಕ್ಕೆ ಇಳಿದಿದೆ. ಆದರೂ ಹೈಮಾ ರಸ್ತೆಯಲ್ಲಿ ರಾತ್ರಿ ನಿದ್ದೆಗಣ್ಣಲ್ಲಿ ಪಿಕಪ್ ಓಡಿಸಿ ಮಸ್ಕತ್ ಏರ್‌ಪೋರ್ಟಿಗೆ ಹೋಗುವವರು ಈ ಸಭೆಯಲ್ಲೇ ಇದ್ದೀರಿ. ಒಂಟೆ ಅಡ್ಡ ಬಂದರೆ ಅದಕ್ಕೆ ಕ್ಯಾಮರಾ ಗೊತ್ತಿಲ್ಲ.

ನಮ್ಮ ಲೆಕ್ಕ ಎಂತ? ಲೋಕಸಭೆಯಲ್ಲಿ 2019ರ ನವೆಂಬರಿನಲ್ಲಿ ಕೊಟ್ಟ ಉತ್ತರದ ಪ್ರಕಾರ 2014ರಿಂದ ಆವರೆಗೆ ಗಲ್ಫಿನ ಆರು ದೇಶಗಳಲ್ಲಿ ತೀರಿಕೊಂಡ ಭಾರತೀಯರು 33,988. ದಿನಕ್ಕೆ 15-16 ಜನ. ಈ ಸಂಖ್ಯೆ ವಾಟ್ಸಾಪಿನಲ್ಲಿ ಬಂದಾಗ ಎಲ್ಲರೂ ಹೆದರಿದ್ದರು. ಲೆಕ್ಕದವನಾಗಿ ನಾನು ಒಂದು ಮಾತು ಹೇಳಬೇಕು: ಮೇಲಿನ ಅಂಕಿ ನೋಡಿ ಹೆದರುವ ಮೊದಲು ಕೆಳಗಿನ ಅಂಕಿಯಿಂದ ಭಾಗಿಸಬೇಕು. ಈ ಆರು ದೇಶಗಳಲ್ಲಿ ಭಾರತೀಯರು 85 ಲಕ್ಷದಷ್ಟು. ಅಂದರೆ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಏಳು ಸಾವು. ನಮ್ಮ ದೇಶದ ಒಟ್ಟು ಸರಾಸರಿ ಸಾವಿರಕ್ಕೇ ಆರು.

ಹಾಗಾದರೆ ಒಳ್ಳೆಯದೇ ಅಲ್ಲವಾ ಅಂತ ಕೇಳಬಹುದು. ಇಲ್ಲ. ಊರಿನ ಲೆಕ್ಕದಲ್ಲಿ ಹಾಸಿಗೆ ಹಿಡಿದ ಅಜ್ಜಂದಿರೂ ಇದ್ದಾರೆ, ಹಸುಗೂಸುಗಳೂ ಇದ್ದಾರೆ. ಇಲ್ಲಿಗೆ ಬರುವವನು ದುಡಿಯುವ ಪ್ರಾಯದವನು, ಮೆಡಿಕಲ್ ಪಾಸಾಗಿ ಬಂದವನು. ಕಾಯಿಲೆ ಜೋರಾದವನು ಎಕ್ಸಿಟ್ ಹೊಡೆದು ಊರಿಗೆ ಹೋಗುತ್ತಾನೆ, ಅವನು ಸತ್ತರೆ ಅದು ಊರಿನ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ನಮ್ಮ ಸಂಖ್ಯೆ ಕಡಿಮೆ ಕಾಣಲೇಬೇಕು. ನನ್ನ ತಕರಾರು ಸಂಖ್ಯೆಯ ಬಗ್ಗೆ ಅಲ್ಲ, ಅದರ ಎದುರಿನ ಕಾರಣದ ಕಾಲಮ್ಮಿನ ಬಗ್ಗೆ. ಕಾರ್ಮಿಕರ ಹಕ್ಕಿಗಾಗಿ ಕೆಲಸ ಮಾಡುವ ಸಂಘಟನೆಗಳು ಸೇರಿ 2022ರಲ್ಲಿ ಒಂದು ವರದಿ ತಂದವು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಿಂದ ಗಲ್ಫಿಗೆ ಬಂದವರಲ್ಲಿ ವರ್ಷಕ್ಕೆ 10,000ದವರೆಗೆ ಸಾವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಸರಿಯಾದ ಕಾರಣವೇ ಇಲ್ಲ ಅಂತ ಅವರ ಅಂದಾಜು. 'ಸಹಜ ಸಾವು', 'ಹೃದಯ ಸ್ತಂಭನ', ಫೈಲ್ ಬಂದ್.

ಹುಡುಕಿದರೆ ಕಾರಣ ಸಿಗುತ್ತದೆ. ಖತರಿನಲ್ಲಿ 2009ರಿಂದ 2017ರವರೆಗೆ ತೀರಿಕೊಂಡ ಸುಮಾರು 1,300 ನೇಪಾಳಿ ಕಾರ್ಮಿಕರ ಸಾವನ್ನು ಹವಾಮಾನದ ಲೆಕ್ಕದ ಜೊತೆ ಇಟ್ಟು ಡಾಕ್ಟರರೂ ಹವಾಮಾನ ತಜ್ಞರೂ ನೋಡಿದರು. 571 ಸಾವು ಹೃದಯದ್ದು ಅಂತ ಬರೆದಿತ್ತು. ಬಿಸಿ ಏರಿದ ತಿಂಗಳುಗಳಲ್ಲಿ ಆ ಸಾವು ಏರಿತ್ತು. ಬಿಸಿಲಿನಿಂದ ಸರಿಯಾದ ರಕ್ಷಣೆ ಕೊಟ್ಟಿದ್ದರೆ ಅದರಲ್ಲಿ 200 ಜನರವರೆಗೆ ಬದುಕುತ್ತಿದ್ದರು ಅಂತ ಅವರು 2019ರಲ್ಲಿ ಬರೆದರು. 'ಸಹಜ' ಅಂತ ಬರೆದ ಸಾವಿನ ಒಳಗೆ ಬಿಸಿಲು ಕುಳಿತಿತ್ತು.

ಒಮಾನಿನಲ್ಲಿ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಉಂಟು. ನಮ್ಮ ದುಕ್ಮ್‌ನವರಿಗೆ ಒಂದು ಅಹಂಕಾರ: ನಮಗೆ ಮಸ್ಕತಿನ ಬಿಸಿ ಇಲ್ಲ, ಖರೀಫ್ ಗಾಳಿ ಉಂಟು. ಸರಿ, ಗಾಳಿ ಉಂಟು. ಆ ಗಾಳಿಯೇ ಮೋಸ ಮಾಡುವುದು. ಬೆವರು ಅಲ್ಲಲ್ಲೇ ಒಣಗುತ್ತದೆ, ನೀರು ಹೋದದ್ದು ಗೊತ್ತಾಗುವುದಿಲ್ಲ. ಮೂತ್ರ ಚಹಾದ ಬಣ್ಣಕ್ಕೆ ಬಂದರೆ ಗಾಳಿಯ ಮಾತು ನಂಬಬೇಡಿ.

ಬಿಸಿಲೊಂದೇ ಅಲ್ಲ. ನಮ್ಮ ರಕ್ತವೂ ಸ್ವಲ್ಪ ಹಾಗೇ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ಕಂಡದ್ದು: ಭಾರತ, ಪಾಕಿಸ್ತಾನ, ಬಾಂಗ್ಲಾ, ನೇಪಾಳ, ಶ್ರೀಲಂಕಾದ ಜನರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ಪ್ರಾಯ 53, ಉಳಿದವರಿಗೆ ಸುಮಾರು 59. ಆರು ವರ್ಷ ಮೊದಲೇ. ಕಾರಣಗಳೂ ಗುಟ್ಟಿನವಲ್ಲ: ಬೀಡಿ ಸಿಗರೇಟು, ಬಿ.ಪಿ., ಸಕ್ಕರೆ, ಕೊಬ್ಬು, ಹೊಟ್ಟೆ, ಮನಸ್ಸಿನ ಭಾರ. ನಮ್ಮ ಮೆಸ್ಸಿನ ಕತೆ ನಾನು ಹೇಳಬೇಕಾ? ಬೆಳಿಗ್ಗೆ ಪರೋಟ, ರಾತ್ರಿ ಪರೋಟ, ಮಧ್ಯೆ ಸಕ್ಕರೆ ನಿಂತ ಸುಲೈಮಾನಿ, ಸಂಜೆ ಮೌಂಟೇನ್ ಡ್ಯೂ. ರಾತ್ರಿ ಒಂದು ಗಂಟೆವರೆಗೆ ಫೋನ್, ನಾಲ್ಕೂವರೆಗೆ ಬಸ್ಸು. ತಲೆಯಲ್ಲಿ ತಂಗಿಯ ಮದುವೆಯ ಸಾಲ.

ಇಲ್ಲಿ ಬರುವ ಮೊದಲು ಮಂಗಳೂರಿನಲ್ಲಿ ಮೆಡಿಕಲ್ ಮಾಡಿಸಿ 'ಫಿಟ್' ಅಂತ ಕೊಟ್ಟಿದ್ದಾರಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಬ್ಯಾಲೆನ್ಸ್ ಶೀಟ್ ಇದ್ದ ಹಾಗೆ, ಆ ಒಂದು ದಿನದ ಲೆಕ್ಕ. ಮುಖ್ಯವಾಗಿ ನೋಡುವುದು ಕ್ಷಯ, ಎಚ್.ಐ.ವಿ., ಕಾಮಾಲೆಯಂತಹ ಹರಡುವ ರೋಗವನ್ನು. ಎಂಟು ವರ್ಷದ ಹಿಂದಿನ ಬ್ಯಾಲೆನ್ಸ್ ಶೀಟ್ ಹಿಡಿದು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ. ಅಜಲ್ ಬಂದರೆ ಹೋಗಲೇಬೇಕು, ಮಷೀನ್ ನೋಡಿ ಎಂತ ಮಾಡುವುದು? ಉಸ್ತಾದರ ಎದುರು ನಾನು ದೊಡ್ಡ ಮಾತು ಆಡುವುದಿಲ್ಲ. ಒಂಟೆಯನ್ನು ಕಟ್ಟಿ ನಂತರ ತವಕ್ಕುಲ್ ಇಡಿ ಅಂತ ನಬಿ ಸ್ವಲ್ಲಲ್ಲಾಹು ಅಲೈಹಿವಸಲ್ಲಮರು ಕಲಿಸಿದ್ದು ಮದ್ರಸದಲ್ಲಿ ಓದಿದ ನಮಗೆಲ್ಲ ಗೊತ್ತು. ನಾನು ಹಗ್ಗದ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಎದೆ ಹಿಡಿದರೆ, ಎಡಗೈ ಜಗ್ಗಿದರೆ, ತಣ್ಣಗಿನ ಬೆವರು ಬಂದರೆ ಅದನ್ನು ಗ್ಯಾಸ್ ಅಂತ ಮಾಡಬೇಡಿ. ಲಿಂಬೆ ಸೋಡಾ ಕುಡಿದು ಬೆಳಗಾಗಲಿ ಅಂತ ಮಲಗಬೇಡಿ. ದುಕ್ಮ್‌ನಲ್ಲಿ ಆಸ್ಪತ್ರೆ ಉಂಟು, ಆದರೆ ದೊಡ್ಡ ಚಿಕಿತ್ಸೆ ಬೇಕಾದರೆ ಮಸ್ಕತ್ 550 ಕಿಲೋಮೀಟರ್. ನಾವು ಬೆಳಗಿಗಾಗಿ ಕಾದ ನಾಲ್ಕು ಗಂಟೆ ಆ ದಾರಿಗೆ ಸೇರಿಕೊಳ್ಳುತ್ತದೆ. 9999ಕ್ಕೆ ಫೋನ್ ಮಾಡಿ. ಫೋರ್‌ಮ್ಯಾನ್ ಬೈದರೆ ಬೈಯಲಿ.

ಈಗ ನನ್ನ ಕಸುಬಿನ ಭಾಗ. ಕಾರಣದ ಕಾಲಮ್ಮಿನಲ್ಲಿ ಬರೆದದ್ದು ಮನೆಯ ಅನ್ನಕ್ಕೂ ಸಂಬಂಧಿಸಿದ್ದು. ಹತ್ತನೇ ತರಗತಿ ಪಾಸಾಗದೆ ಇ.ಸಿ.ಆರ್. ಪಾಸ್‌ಪೋರ್ಟಿನಲ್ಲಿ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಉಂಟು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಅಪಘಾತ ಅಂತ ಕಾಗದದಲ್ಲಿ ಇರಬೇಕು. ಮೇಲಿಂದ ಬಿದ್ದು ಸತ್ತವನ ಕಾಗದದಲ್ಲಿ ಬರೀ ಹೃದಯ ಸ್ತಂಭನ ಅಂತ ಬಂದರೆ ಆ ವಿಧವೆ ಹತ್ತು ಲಕ್ಷಕ್ಕೆ ಯಾರ ಬಾಗಿಲು ತಟ್ಟುವುದು? ಆದ್ದರಿಂದ ರೂಮಿನವರು, ಜೊತೆಯವರು, ಕಂಡದ್ದನ್ನು ಪೊಲೀಸರಿಗೆ ಸರಿಯಾಗಿ ಹೇಳಬೇಕು. ಎಷ್ಟು ಹೊತ್ತಿಗೆ, ಎಲ್ಲಿ, ಎಂತ ಮಾಡುತ್ತಿದ್ದ. ಆಸ್ಪತ್ರೆಯ ವರದಿ ಮತ್ತು ಪೊಲೀಸ್ ವರದಿಯ ಪ್ರತಿ ಮನೆಯವರಿಗೆ ಕಳಿಸಬೇಕು. ಪಾಲಿಸಿ ಮುಗಿದಿದ್ದರೆ ಮೊದಲು ರಿನ್ಯೂ ಮಾಡಿ. ಈ ಸಭೆಯಲ್ಲಿ ಮುಗಿದದ್ದೇ ಗೊತ್ತಿಲ್ಲದವರು ಅರ್ಧ ಜನ ಇದ್ದೀರಿ, ನನಗೆ ಗೊತ್ತು.

ಸಹಜ ಸಾವಿಗೂ ಹಕ್ಕಿನ ಹಣ ಉಂಟು. 2023ರ ಹೊಸ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ ವರ್ಷಕ್ಕೆ ಒಂದು ತಿಂಗಳ ಮೂಲ ಸಂಬಳ. ಹಿಂದೆ ಮೊದಲ ಮೂರು ವರ್ಷಕ್ಕೆ ಹದಿನೈದೇ ದಿನ ಇತ್ತು. ಅದು ಕಂಪೆನಿಯ ಧರ್ಮ ಅಲ್ಲ, ಸತ್ತವನ ಹಣ. ಕೈಯಲ್ಲಿ ಏನೂ ಇಲ್ಲದವರ ಮಯ್ಯಿತ್ ಕಳಿಸಲು ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಉಂಟು. ಚಂದಾ ಎತ್ತುವ ಮೊದಲು ಅಲ್ಲಿ ಕೇಳಿ.

ಇನ್ನು ನಾನು ಮಾಡಿದ ತಪ್ಪು. ಬಂಟ್ವಾಳದ ಆ ಹುಡುಗನ ಕಾಗದ ಬಂದ ದಿನ ಅವನ ಮನೆಯವರಿಗೆ 'ಬೇಗ ಒಪ್ಪಿಗೆ ಕಳಿಸಿ, ದಫನ್ ತಡ ಆಗುವುದು ಬೇಡ' ಅಂತ ಅವಸರ ಮಾಡಿದವನು ನಾನೇ. ಮಯ್ಯಿತ್ತನ್ನು ಕೊಯ್ಯುವುದು ನಮಗೆ ಯಾರಿಗೂ ಬೇಡ, ಅನುಮಾನ ಇಲ್ಲದ ಸಾವಿಗೆ ಇಲ್ಲಿಯವರೂ ಸಾಮಾನ್ಯವಾಗಿ ಮಾಡುವುದಿಲ್ಲ. ಅದು ಸರಿಯೇ. ಆದರೆ ಒಂದು ಪ್ರಶ್ನೆಯನ್ನಾದರೂ ರೂಮಿನವರ ಹತ್ತಿರ ಕೇಳಬಹುದಿತ್ತು.

ಹದಿನೈದು ದಿನ ಕಳೆದು ಅವನ ಸಾಮಾನು ಕಟ್ಟಿ ಕಳಿಸಲು ಲಾಕರ್ ತೆಗೆದೆವು. ಮಗಳಿಗೆ ತೆಗೆದಿಟ್ಟ ಬಣ್ಣದ ಪೆನ್ಸಿಲ್ ಡಬ್ಬ, ಎರಡು ಅತ್ತರ್ ಬಾಟಲಿ, ಟೈಗರ್ ಬಾಮ್. ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಊರಿನ ಡಾಕ್ಟರ ಚೀಟಿ, ಬಿ.ಪಿ. ಮಾತ್ರೆಯ ಖಾಲಿ ಹಾಳೆಗಳು. ಚೀಟಿಯಲ್ಲಿ ಬಿ.ಪಿ. 170ರ ಮೇಲೆ. ರಜೆಯಿಂದ ಬರುವಾಗ ಮೂರು ತಿಂಗಳ ಮಾತ್ರೆ ತಂದಿದ್ದ. ಬಂದು ಹತ್ತು ತಿಂಗಳಾಗಿತ್ತು. ರೂಮಿನ ಒಬ್ಬರು ಆಗ ನೆನಪು ಮಾಡಿದರು: 'ಮಾತ್ರೆ ಮುಗಿದಿದೆ, ಈಗ ತಲೆನೋವು ಇಲ್ಲ, ಊರಿಗೆ ಹೋದಾಗ ತರ್ತೇನೆ' ಅಂತ ಹೇಳಿದ್ದನಂತೆ.

ಇದೇ ಕಾರಣ ಅಂತ ನಾನು ಫತ್ವಾ ಕೊಡುವವನಲ್ಲ. ಆದರೆ ಡಾಕ್ಟರರ ಮೇಜಿಗೆ ಹೋಗಬೇಕಾಗಿದ್ದ ಚೀಟಿ ಲಾಕರಿನಲ್ಲಿ ಕುಳಿತಿತ್ತು. ಅವನ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, 'ಉಪ್ಪನಿಗೂ ಹಾಗೇ ಆದದ್ದು ಕಾಕ, 45ರಲ್ಲಿ. ನಾನೂ ಒಮ್ಮೆ ನೋಡಿಸ್ತೇನೆ' ಅಂದ. ಅವನಿಗೂ ಇತ್ತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ.

ಘಟಕದಿಂದ ಒಂದು ಕಾರ್ಡ್ ಅಚ್ಚು ಹಾಕಿಸಿದ್ದೇವೆ, ರೆಸಿಡೆಂಟ್ ಕಾರ್ಡಿನಷ್ಟೇ ದೊಡ್ಡದು. ಹೆಸರು, ರಕ್ತದ ಗುಂಪು, ಕಾಯಿಲೆ, ಮಾತ್ರೆಯ ಹೆಸರು, ಊರಿನ ಒಂದು ನಂಬರ್, ಬಿಮಾ ಪಾಲಿಸಿ ನಂಬರ್. ಪರ್ಸಿನಲ್ಲಿ ಇಡಿ, ಲಾಕರಿನಲ್ಲಿ ಬೇಡ. ಈ ಮೇಜಿನ ಮೇಲೆ ಇರುವುದು ಬಿ.ಪಿ. ಮಷೀನ್. ಊಟ ರೆಡಿ ಆಗಲು ಇನ್ನೂ ಅರ್ಧ ಗಂಟೆ ಉಂಟಂತೆ, ಅಷ್ಟರಲ್ಲಿ ಸಾಲಿನಲ್ಲಿ ಬನ್ನಿ. ಐದು ನಿಮಿಷ ಸುಮ್ಮನೆ ಕುಳಿತು ನಂತರ ಕೈ ಕೊಡಬೇಕು. ಮೊದಲ ಕೈ ನನ್ನದು. 150 ದಾಟಿದರೆ ಯಾರೂ ನಗಬೇಡಿ.