ವಿದೇಶದಲ್ಲೊಂದು ಸೆಮಿಸ್ಟರ್: ಮೊದಲ ಪ್ರಶ್ನೆ ನಮ್ಮ ಕಾಲೇಜಿನಲ್ಲೇ

(ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಭಟ್ಕಳದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಡಲು ದಾಟುವುದು ನಮ್ಮ ಕರಾವಳಿಗೆ ಹೊಸತಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಊರುಗಳು ಬಂದರುಗಳಾಗಿಯೇ ಬೆಳೆದವು. ಕೊಲ್ಲಿ ರಾಷ್ಟ್ರಗಳಲ್ಲಿ ಒಬ್ಬರಾದರೂ ದುಡಿಯದ ಕುಟುಂಬ ನಮ್ಮಲ್ಲಿ ವಿರಳ. ವೀಸಾ, ಇಖಾಮಾ, ಟಿಕೆಟ್ ಎಂಬ ಪದಗಳನ್ನು ನಮ್ಮ ಮಕ್ಕಳು ಅಕ್ಷರಮಾಲೆಯ ಜೊತೆಗೇ ಕಲಿಯುತ್ತಾರೆ. ಆದರೆ ದುಡಿಯಲು ಹೋಗುವುದಕ್ಕೂ ಓದಲು ಹೋಗುವುದಕ್ಕೂ ಬಹಳ ಅಂತರವಿದೆ. ಅದರಲ್ಲೂ ಪದವಿಯ ನಡುವೆ ಒಂದು ಸೆಮಿಸ್ಟರ್ ಮಾತ್ರ ಹೊರದೇಶದಲ್ಲಿ ಓದಿ, ಮರಳಿ ಬಂದು ಇಲ್ಲಿಯೇ ಪದವಿ ಪೂರೈಸುವ ವ್ಯವಸ್ಥೆಯ ಬಗ್ಗೆ ನಮ್ಮಲ್ಲಿ ಕುತೂಹಲವಿರುವಷ್ಟು ತಿಳುವಳಿಕೆ ಇಲ್ಲ.

ಆ ತಿಳುವಳಿಕೆಯ ಕೊರತೆಗೆ ನನ್ನ ಮನೆಯೇ ಬೆಲೆ ತೆತ್ತಿದೆ. ನನ್ನ ಅಕ್ಕನ ಮಗನಿಗೆ ಹೊರದೇಶದ ಒಂದು ವಿಶ್ವವಿದ್ಯಾನಿಲಯದಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಒದಗಿತು. ಮನೆಯಲ್ಲಿ ಸಂಭ್ರಮ. ಟಿಕೆಟ್ಟಿನ ದರ ವಿಚಾರಿಸಿದೆವು, ಚಳಿಗೆ ಬಟ್ಟೆ ಕೊಂಡೆವು, ಊಟದ ಬಗ್ಗೆ ಚಿಂತಿಸಿದೆವು. ಅವನು ಹೋದ, ಶ್ರದ್ಧೆಯಿಂದ ಓದಿದ, ಉತ್ತಮ ಅಂಕಗಳೊಂದಿಗೆ ಹಿಂದಿರುಗಿದ. ಆದರೆ ಇಲ್ಲಿ ಆ ಅಂಕಗಳಿಗೆ ಮಾನ್ಯತೆ ದೊರೆಯಲಿಲ್ಲ. ಪೂರ್ವಾನುಮತಿಯ ಪತ್ರ ಇರಲಿಲ್ಲ, ಅಲ್ಲಿ ಓದಿದ ವಿಷಯಗಳು ಇಲ್ಲಿನ ಪಠ್ಯಕ್ರಮಕ್ಕೆ ಹೊಂದುತ್ತಿರಲಿಲ್ಲ. ಒಂದು ವರ್ಷ ನಷ್ಟವಾಯಿತು. ನಾನು ಕಾಲೇಜನ್ನು ದೂರಲಾರೆ. ಕೇಳಬೇಕಾದುದನ್ನು ನಾವು ಕೇಳಿರಲಿಲ್ಲ. ಹುಡುಗನಿಗೆ ತಿಳಿಯದಿದ್ದರೆ ಕ್ಷಮ್ಯ. ಹಿರಿಯನಾದ ನಾನಾದರೂ ಕೇಳಬೇಕಿತ್ತು.

ಇಂದು ನಾನು ಹೇಳಬಯಸುವುದು ಇಷ್ಟೇ: ವಿದೇಶದ ಓದಿನ ಮೊದಲ ಪ್ರಶ್ನೆಯನ್ನು ಕೇಳಬೇಕಾದುದು ಏಜೆಂಟರ ಕಛೇರಿಯಲ್ಲಲ್ಲ, ನಮ್ಮದೇ ಕಾಲೇಜಿನಲ್ಲಿ. 'ನಾನು ಅಲ್ಲಿ ಓದಿ ತರುವುದು ಇಲ್ಲಿ ಲೆಕ್ಕಕ್ಕೆ ಬರುವುದೇ?' ಇದೇ ಆ ಪ್ರಶ್ನೆ.

ಈ ಪ್ರಶ್ನೆಯೂ ನಮ್ಮ ನೆಲಕ್ಕೆ ಅಪರಿಚಿತವಲ್ಲ. 1325ರಲ್ಲಿ ತನ್ನ 21ನೆಯ ವಯಸ್ಸಿನಲ್ಲಿ ಮೊರಾಕ್ಕೋದ ತಂಜಾ ನಗರದಿಂದ ಹೊರಟ ಇಬ್ನ್ ಬತೂತಾ ದಾರಿಯಲ್ಲಿ ದಮಸ್ಕಸ್‌ನ ವಿದ್ವಾಂಸರಿಂದ ಪಾಠ ಕೇಳಿ ಇಜಾಝ ಪಡೆದರು. ಇಜಾಝ ಎಂದರೆ ಈತ ನನ್ನಿಂದ ಇಂತಹ ಗ್ರಂಥವನ್ನು ಕಲಿತಿದ್ದಾನೆ, ಇತರರಿಗೆ ಕಲಿಸಬಲ್ಲ ಎಂದು ಗುರು ನೀಡುವ ಅನುಮತಿ. ಒಂದು ಊರಿನಲ್ಲಿ ಪಡೆದ ಇಜಾಝಕ್ಕೆ ಇನ್ನೊಂದು ಊರಿನಲ್ಲಿ ಬೆಲೆಯಿತ್ತು. ಅಂತಹ ವಿದ್ಯೆಯ ಬಲದಿಂದಲೇ ಅವರು ದಿಲ್ಲಿಯಲ್ಲಿಯೂ ಮಾಲ್ದೀವ್‌ನಲ್ಲಿಯೂ ಖಾಝಿಯಾದರು. ಇಂದಿನ ಅಂಕಪಟ್ಟಿ, ಕ್ರೆಡಿಟ್‌ಗಳು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ಕಲಿತದ್ದು ಎಷ್ಟು ಮುಖ್ಯವೋ, ಅದನ್ನು ಇನ್ನೊಂದೆಡೆ ಒಪ್ಪುವಂತೆ ದಾಖಲಿಸುವುದೂ ಅಷ್ಟೇ ಮುಖ್ಯ.

ಯುರೋಪಿನಲ್ಲಿ 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆ ಇದಕ್ಕೊಂದು ಸುಲಭ ಕ್ರಮ ರೂಪಿಸಿದೆ. ವಿದ್ಯಾರ್ಥಿ ಹೊರಡುವ ಮುನ್ನವೇ ಕಲಿಕಾ ಒಪ್ಪಂದವೊಂದು ಸಿದ್ಧವಾಗುತ್ತದೆ. ಅಲ್ಲಿ ಯಾವ ವಿಷಯ ಓದಬೇಕು, ಇಲ್ಲಿನ ಯಾವ ವಿಷಯಕ್ಕೆ ಅದು ಬದಲಿ ಎಂಬುದು ಅದರಲ್ಲಿರುತ್ತದೆ. ವಿದ್ಯಾರ್ಥಿ, ಕಳುಹಿಸುವ ಸಂಸ್ಥೆ, ಸ್ವೀಕರಿಸುವ ಸಂಸ್ಥೆ ಮೂವರೂ ಅದಕ್ಕೆ ಸಹಿ ಹಾಕುತ್ತಾರೆ. ನೀವು ಯಾವ ದೇಶಕ್ಕೇ ಹೋಗಿ, ಇಂತಹ ಮೂರು ಸಹಿಗಳ ಕಾಗದವೊಂದು ಕೈಯಲ್ಲಿರಲಿ. ಬಾಯಿಮಾತಿನ ಭರವಸೆ ಸಾಲದು.

ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಸಂಯೋಜಿತವಾಗಿವೆ. ಆದ್ದರಿಂದ ಪ್ರಾಂಶುಪಾಲರ ಒಪ್ಪಿಗೆಯೊಂದೇ ಸಾಕಾಗದು, ವಿಶ್ವವಿದ್ಯಾಲಯದ ಲಿಖಿತ ಅನುಮತಿಯೂ ಬೇಕು. 2022ರಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿಯು ವಿದೇಶೀ ಸಂಸ್ಥೆಯೊಂದಿಗೆ ಒಪ್ಪಂದವಿರುವ ಟ್ವಿನ್ನಿಂಗ್ ಪದ್ಧತಿಯಲ್ಲಿ ಒಟ್ಟು ಕ್ರೆಡಿಟ್‌ಗಳ ಶೇ. 30ರವರೆಗೆ ಅಲ್ಲಿ ಗಳಿಸಲು ಅವಕಾಶ ನೀಡಿದೆ. ಆದರೆ ನ್ಯಾಕ್ ಶ್ರೇಣಿ ಮುಂತಾದ ಅರ್ಹತೆಯಿರುವ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ. ನಿಮ್ಮ ಕಾಲೇಜಿಗೆ ಅಂತಹ ಒಪ್ಪಂದವಿಲ್ಲವೆಂದಾದರೆ ನಿರಾಶರಾಗಬೇಡಿ. ಪದವಿ ಇಲ್ಲಿಯೇ ಮುಗಿಸಿ, ಸ್ನಾತಕೋತ್ತರ ಓದಿಗೆ ಹೋಗುವ ದಾರಿ ಇದ್ದೇ ಇದೆ. ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳಿಗೆ ಭಾರತೀಯರೂ ವಿದ್ಯಾರ್ಥಿವೇತನ ಸಹಿತ ಅರ್ಜಿ ಸಲ್ಲಿಸಬಹುದು. ಮನ್ನಣೆಯಿಲ್ಲದ ಒಂದು ಸೆಮಿಸ್ಟರಿಗಿಂತ ತಡವಾಗಿ ಬರುವ ಮನ್ನಣೆಯ ಓದೇ ಲೇಸು.

ಇನ್ನು ಸಮಯದ ಮಾತು. ಹೊರಡುವ ದಿನಕ್ಕಿಂತ ಸುಮಾರು ಒಂದೂವರೆ ವರ್ಷ ಮೊದಲೇ ತಯಾರಿ ಆರಂಭವಾಗಬೇಕು. ಮೊದಲ ತಿಂಗಳುಗಳಲ್ಲಿ ಕಾಲೇಜಿನ ಅನುಮತಿ ಮತ್ತು ದಾಖಲೆಗಳು. ನಮ್ಮ ಮನೆಗಳಲ್ಲಿ ಹೆಸರಿನದೇ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗನ ಹೆಸರು ಮತ್ತು ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. 'ಮುಹಮ್ಮದ್' ಎಂಬುದನ್ನೇ ಮೂರು ಕಡೆ ಮೂರು ಬಗೆಯಲ್ಲಿ ಬರೆಸಿರುತ್ತೇವೆ. ಕೊಲ್ಲಿಯ ಕೆಲಸಕ್ಕೆ ಇದು ಹೇಗೋ ನಡೆದಿರಬಹುದು. ಆದರೆ ಅರ್ಜಿ, ಪರೀಕ್ಷೆ, ಬ್ಯಾಂಕ್, ವೀಸಾ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕಾದಲ್ಲಿ ಒಂದೇ ಅಕ್ಷರ ತಿಂಗಳುಗಟ್ಟಲೆ ಕಾಯಿಸೀತು. ಇದನ್ನು ಸರಿಪಡಿಸಲು ಇಂದೇ ಹೊರಡಿ.

ಅನಂತರ ಭಾಷಾ ಪರೀಕ್ಷೆ. ಐಇಎಲ್‌ಟಿಎಸ್ ಅಂಕಗಳಿಗೆ ಎರಡು ವರ್ಷಗಳ ಅವಧಿಯಿದೆ. ಅತಿ ಬೇಗ ಬರೆದರೂ ನಷ್ಟ, ತಡವಾಗಿ ಬರೆದರೂ ನಷ್ಟ. ಶಿಫಾರಸು ಪತ್ರ ಬೇಕಾದಲ್ಲಿ ಅಧ್ಯಾಪಕರನ್ನು ಕೊನೆಯ ವಾರದಲ್ಲಿ ಪೀಡಿಸದೆ ತಿಂಗಳ ಮುಂಚೆಯೇ ಕೇಳಿಕೊಳ್ಳಿ. ಅರ್ಜಿಯೊಂದಿಗೆ ಬರೆಯುವ ಉದ್ದೇಶ ಪತ್ರವನ್ನು ಹಣ ಕೊಟ್ಟು ಬರೆಸಬೇಡಿ. ಶರಾವತಿಯ ದಂಡೆಯ ಹುಡುಗ ತನ್ನೂರಿನ ಉಪ್ಪುನೀರಿನ ಸಮಸ್ಯೆಯ ಕುರಿತು ತನ್ನದೇ ಮಾತಿನಲ್ಲಿ ಬರೆದರೆ, ಬಾಡಿಗೆಯ ಪದಪುಂಜಗಳಿಗಿಂತ ಅದಕ್ಕೇ ಹೆಚ್ಚಿನ ತೂಕ.

ಹಣದ ವಿಷಯದಲ್ಲಿ ಭಾವುಕತೆ ಬೇಡ, ಒಂದು ಹಾಳೆಯಲ್ಲಿ ಬರೆದು ನೋಡಿ: ಶುಲ್ಕ, ವಸತಿ, ಊಟ, ವಿಮೆ, ವೀಸಾ, ಪ್ರಯಾಣ, ರೂಪಾಯಿ ಕುಸಿದರೆ ಬೇಕಾದೀತೆಂದು ಒಂದಿಷ್ಟು ಹೆಚ್ಚುವರಿ. ವಿನಿಮಯ ಒಪ್ಪಂದವಿದ್ದರೆ ಸಾಮಾನ್ಯವಾಗಿ ಅಲ್ಲಿ ಬೋಧನಾ ಶುಲ್ಕವಿರುವುದಿಲ್ಲ, ಇಲ್ಲಿನದನ್ನೇ ಕಟ್ಟಿದರಾಯಿತು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲವೆಂಬುದು ನಿಜ. ಆದರೆ ಜೀವನ ವೆಚ್ಚಕ್ಕೆಂದು ತಿಂಗಳಿಗೆ 992 ಯೂರೋಗಳಂತೆ ವರ್ಷಕ್ಕೆ 11,904 ಯೂರೋಗಳನ್ನು ವೀಸಾಕ್ಕಾಗಿ ತೋರಿಸಬೇಕೆಂದು ಆ ದೇಶ 2024ರಲ್ಲಿ ನಿಗದಿಪಡಿಸಿತು. ಇಂತಹ ಮೊತ್ತ ಆಗಾಗ ಬದಲಾಗುವುದರಿಂದ ಆಯಾ ವರ್ಷದ್ದನ್ನೇ ವಿಚಾರಿಸಿಕೊಳ್ಳಿ. 'ಉಚಿತ ಶಿಕ್ಷಣ' ಎಂಬ ಜಾಹೀರಾತಿನ ಹಿಂದೆ ಇಷ್ಟು ಲೆಕ್ಕವಿದೆ.

ವಿದೇಶ ವ್ಯಾಸಂಗಕ್ಕೆ ಸಾಲ ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಬಡ್ಡಿಯ ಹೊರೆಯನ್ನು ಹೊರುತ್ತಿದ್ದ ಕೇಂದ್ರ ಸರಕಾರದ 'ಪಢೋ ಪರ್ದೇಶ್' ಯೋಜನೆ 2022-23ರಿಂದ ನಿಂತುಹೋಯಿತು. ನೆರವು ಅತ್ಯಂತ ಅಗತ್ಯವಿದ್ದ ಕಾಲದಲ್ಲಿ ಅದನ್ನು ಹಿಂತೆಗೆದುಕೊಂಡುದು ಖೇದಕರ, ಅದರ ವಿರುದ್ಧ ದನಿಯೆತ್ತುವುದು ನ್ಯಾಯ. ಆದರೆ ಬರೇ ದೂರುತ್ತಾ ಕುಳಿತರೆ ಮಕ್ಕಳ ವಯಸ್ಸು ನಿಲ್ಲುವುದೇ? ಮದುವೆಯ ಒಂದು ದಿನದ ಔತಣಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ನಾವು, ಮಗುವಿನ ಒಂದು ಸೆಮಿಸ್ಟರಿಗೆ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಕಟ್ಟಲಾರೆವೇ?

ಹೆಣ್ಣು ಮಕ್ಕಳ ಬಗ್ಗೆ ಒಂದು ಮಾತು. ಅದೇ ಇಬ್ನ್ ಬತೂತಾ 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡು ಮಕ್ಕಳಿಗೆ 23 ಮತ್ತು ಹೆಣ್ಣು ಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿ ಬರೆದರು. ಬೇರೆಲ್ಲಿಯೂ ಇಂತಹುದನ್ನು ಕಾಣಲಿಲ್ಲವೆಂದೂ ಹೇಳಿದರು. ಅಂತಹ ಊರಿನ ಮೊಮ್ಮಕ್ಕಳಾದ ನಾವು ಮಗಳ ಓದಿನ ನಿರ್ಧಾರವನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳುತ್ತೇವೆ. ಅರ್ಜಿ ಹಾಕುವಾಗ ಮೌನ. ಪ್ರವೇಶ ಪತ್ರ ಬಂದ ಮೇಲೆ 'ಬೇಡಮ್ಮಾ' ಎನ್ನುತ್ತೇವೆ. ಆತಂಕವಿರುವುದು ತಪ್ಪಲ್ಲ. ವಸತಿ ಎಲ್ಲಿ, ಜೊತೆಗೆ ಯಾರು, ಅಲ್ಲಿ ಪರಿಚಿತ ಕುಟುಂಬವಿದೆಯೇ ಎಂದು ಕೇಳುವುದು ತಂದೆ ತಾಯಿಯ ಹಕ್ಕು. ಆದರೆ ಆ ಮಾತುಕತೆ ಅರ್ಜಿಗಿಂತ ಮುಂಚೆ ನಡೆಯಲಿ. ಎರಡು ವರ್ಷ ಓದಿ ತಯಾರಾದವಳನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವುದು ನ್ಯಾಯವಲ್ಲ.

ಕೊನೆಯದಾಗಿ, ಅಂಜುಮನ್ ಹಾಮಿಯೇ ಮುಸ್ಲಿಮೀನ್ 1919ರಲ್ಲಿ ಭಟ್ಕಳದಲ್ಲಿ ಆರಂಭವಾದಾಗ ಆ ಹಿರಿಯರ ಬಳಿ ಇಂದು ನಮ್ಮಲ್ಲಿರುವ ಸಂಪತ್ತಿನ ಸಣ್ಣ ಪಾಲೂ ಇರಲಿಲ್ಲ, ದೂರದೃಷ್ಟಿಯಿತ್ತು. ಮೂರೂ ಪಟ್ಟಣಗಳಲ್ಲಿ ಒಬ್ಬೊಬ್ಬ ನಿವೃತ್ತ ಅಧ್ಯಾಪಕರು ವಾರಕ್ಕೊಂದು ಸಂಜೆ ಕುಳಿತು ಮಕ್ಕಳ ಕಾಗದಪತ್ರಗಳನ್ನು ನೋಡಿಕೊಟ್ಟರೂ ಸಾಕು. ಹೊರದೇಶದಲ್ಲಿ ಓದಿ ಬಂದವರು ತಮ್ಮ ಅನುಭವವನ್ನು, ಎಡವಿದ್ದನ್ನೂ ಸೇರಿಸಿ, ಕಿರಿಯರಿಗೆ ಹೇಳಲಿ. ನಾನು ಇಂದು ನನ್ನ ಮನೆಯ ತಪ್ಪನ್ನು ನಿಮ್ಮ ಮುಂದಿಟ್ಟುದು ಅದಕ್ಕಾಗಿಯೇ. ನನ್ನ ಅಕ್ಕನ ಮಗ ಕಳೆದುಕೊಂಡ ವರ್ಷವನ್ನು ನಾನು ಮರಳಿಸಲಾರೆ. ಇಲ್ಲಿ ಕುಳಿತಿರುವ ಒಬ್ಬ ವಿದ್ಯಾರ್ಥಿ ನಾಳೆ ಬೆಳಿಗ್ಗೆ ತನ್ನ ಪ್ರಾಂಶುಪಾಲರ ಕೊಠಡಿಗೆ ಹೋಗಿ ಆ ಮೊದಲ ಪ್ರಶ್ನೆಯನ್ನು ಕೇಳಿದರೆ, ಅವನ ವರ್ಷವಾದರೂ ಉಳಿದೀತು.