ಮಾಗಿಯ ಕೋಸು, ಕೊಳವೆಬಾವಿಯ ಲೆಕ್ಕ

(ಮುದ್ದೇನಹಳ್ಳಿಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಎಲೆಕೋಸನ್ನು ಹಿಂಗಾರಿನಲ್ಲಿ ತಡವಾಗಿ ಬೆಳೆದು ಚಳಿಗಾಲಕ್ಕೆ ಸಂಗ್ರಹಿಸಿಡುವ ವಿಧಾನವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಈ ವಿಷಯವು ಮೂಲತಃ ಹಿಮ ಬೀಳುವ ನಾಡುಗಳದ್ದು. ಲಡಾಖಿನಂತಹ ಪ್ರದೇಶದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ, ಹಸಿರು ಕಾಣಸಿಗುವುದಿಲ್ಲ. ಆದುದರಿಂದ ಅಲ್ಲಿಯ ಜನ ಕೋಸು, ಗಜ್ಜರಿ, ಮೂಲಂಗಿಗಳನ್ನು ನೆಲದೊಳಗಿನ ಗುಂಡಿಗಳಲ್ಲಿ ಕಾಪಿಟ್ಟುಕೊಳ್ಳುತ್ತಾರೆ. ನಂದಿಬೆಟ್ಟದ ಬುಡದಲ್ಲಿರುವ ನಮಗೆ ಮಾಗಿ ಎಂಬುದು ಕೊರತೆಯ ಕಾಲವಲ್ಲ, ಅವರೆಕಾಯಿಯ ಕಾಲ. ಹಾಗಿರುವಾಗ ನಾವೇಕೆ ಕೋಸನ್ನು ಕೂಡಿಡಬೇಕು? ಹಸಿವಿಗೆ ಹೆದರಿ ಅಲ್ಲ, ಬೆಲೆಗೆ ಹೆದರಿ.

ಒಂದೇ ಮಳೆಗೆ ಎಲ್ಲರೂ ನಾಟಿ ಮಾಡುತ್ತೇವೆ, ಒಂದೇ ವಾರದಲ್ಲಿ ಎಲ್ಲರೂ ಕೊಯ್ಯುತ್ತೇವೆ. ಮಾರುಕಟ್ಟೆಯಲ್ಲಿ ಕೊಯ್ಲಿನ ಕೂಲಿಯೂ ಸಾಗಣೆಯ ಬಾಡಿಗೆಯೂ ಹುಟ್ಟದ ದಿನ ಬೆಳೆಯನ್ನು ಉಳುಮೆ ಮಾಡಿ ಮಣ್ಣಿಗೆ ಸೇರಿಸುತ್ತೇವೆ. 2020ರ ಲಾಕ್‌ಡೌನ್ ಕಾಲದಲ್ಲಿ ರಾಜ್ಯದ ಹಲವೆಡೆ ಇದೇ ನಡೆಯಿತು. ಹತ್ತು ದಿನ ತಡೆದು ಮಾರುವ ಶಕ್ತಿ ರೈತನಿಗಿದ್ದರೆ ಈ ನಷ್ಟದ ಒಂದು ಪಾಲಾದರೂ ತಪ್ಪುತ್ತದೆ. ಇಂದಿನ ಮಾತು ಈ ಹತ್ತು ದಿನಗಳನ್ನು ಕುರಿತದ್ದು; ಐದು ತಿಂಗಳುಗಳನ್ನು ಕುರಿತದ್ದಲ್ಲ.

ಈ ಭಾಗದ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅಂತಹ ಗುಂಡಿಯಲ್ಲಿ ಕೋಸನ್ನೂ ಇಡಬಾರದೇಕೆ ಎಂಬ ಪ್ರಶ್ನೆ ಸಹಜ. ರಾಗಿ ಒಣಗಿದ ಕಾಳು. ಅದರ ಉಸಿರಾಟ ಬಹುಮಟ್ಟಿಗೆ ಅಡಗಿರುತ್ತದೆ. ಆದರೂ ಮುಚ್ಚಿಟ್ಟ ಹಗೇವಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರಿಂದ, ಬಾಯಿ ತೆಗೆದು ಗಾಳಿಯಾಡಲು ಬಿಡದೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ಇಳಿದವರು ಸತ್ತದ್ದುಂಟು. ಕೋಸಿನ ಗಡ್ಡೆಯಾದರೋ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ನೀರು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಅದೊಂದು ದೈತ್ಯ ಮೊಗ್ಗು. ಕೊಯ್ದ ಮೇಲೂ ಉಸಿರಾಡುತ್ತದೆ, ಬಿಸಿ ಹೊರಹಾಕುತ್ತದೆ, ಬೆವರುತ್ತದೆ. ನಮ್ಮ ಬೆಚ್ಚನೆಯ ನೆಲದ ಹಗೇವಿನಲ್ಲಿ ಅದನ್ನು ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಕೊಳೆತು ನಾರುತ್ತದೆ.

ಸೊನ್ನೆ ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 95ಕ್ಕೂ ಮೀರಿದ ತೇವಾಂಶ ಇವೆರಡೂ ಇದ್ದರೆ ತಡ ತಳಿಯ ಗಟ್ಟಿ ಗಡ್ಡೆಗಳು ಐದಾರು ತಿಂಗಳು ಉಳಿಯುತ್ತವೆ. ಬೇಗ ಬರುವ ತಳಿಗಳು ಅದೇ ಸ್ಥಿತಿಯಲ್ಲಿ ಕೆಲವು ವಾರ ಮಾತ್ರ. ಆ ತಂಪನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ. ವಿದ್ಯುತ್ತಿನಿಂದ ಕೊಂಡುಕೊಳ್ಳಬಹುದು, ಆದರೆ ಕೋಸಿನಂತಹ ಭಾರಿ ಗಾತ್ರದ, ಅಗ್ಗದ ಪದಾರ್ಥವನ್ನು ತಿಂಗಳುಗಟ್ಟಲೆ ಶೀತಲಗೃಹದಲ್ಲಿಟ್ಟರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕೊಯ್ಯದೆ ಹೊಲದಲ್ಲೇ ನಿಲ್ಲಿಸಿದರಾಯಿತು ಎನ್ನುವವರಿದ್ದಾರೆ. ದಯವಿಟ್ಟು ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು ಸುಮಾರು 4,000 ಲೀಟರ್. ಕೋಸಿನ ಒಂದು ಬೆಳೆಗೆ 380ರಿಂದ 500 ಮಿಲಿಮೀಟರ್ ನೀರು ಬೇಕು. 400 ಎಂದಿಟ್ಟುಕೊಂಡರೂ ಎಕರೆಗೆ 16 ಲಕ್ಷ ಲೀಟರ್. ಸೆಪ್ಟೆಂಬರ್, ಅಕ್ಟೋಬರ್‌ಗಳು ನಮಗೆ ಹೆಚ್ಚು ಮಳೆ ತರುವ ತಿಂಗಳುಗಳಾದುದರಿಂದ ಆಗ ನೆಟ್ಟ ಬೆಳೆಗೆ ಈ ನೀರಿನ ಒಂದು ಭಾಗವನ್ನು ಆಕಾಶವೇ ಕೊಡುತ್ತದೆ. ನಾಟಿ ತಡವಾದಷ್ಟೂ ಆಕಾಶದ ಪಾಲು ಕುಗ್ಗಿ ಕೊಳವೆಬಾವಿಯ ಪಾಲು ಹಿಗ್ಗುತ್ತದೆ. ಬಲಿತ ಬೆಳೆಯನ್ನು ಜನವರಿಯಲ್ಲಿ ಇಪ್ಪತ್ತು ದಿನ ಹೊಲದಲ್ಲಿ ನಿಲ್ಲಿಸಿ, ನೀರನ್ನು ದಿನಕ್ಕೆ ಎರಡು ಮಿಲಿಮೀಟರಿಗೆ ಇಳಿಸಿದರೂ ಖರ್ಚಾಗುವುದು ಎಕರೆಗೆ 1,60,000 ಲೀಟರ್. 5,000 ಲೀಟರಿನ ಟ್ಯಾಂಕರುಗಳಾದರೆ ಮೂವತ್ತೆರಡು. ಸಾವಿರ ಅಡಿಗೂ ಮೀರಿ ಕೊರೆದು ನೀರು ಹುಡುಕುವ ಜಿಲ್ಲೆಯಲ್ಲಿ ಇದು ಸಂಗ್ರಹವಲ್ಲ, ವೆಚ್ಚ. 2007ರಲ್ಲಿ ನಾವು ಕೋಲಾರದಿಂದ ಬೇರೆ ಜಿಲ್ಲೆಯಾದೆವು. ಅಂತರ್ಜಲದ ಕಷ್ಟ ಮಾತ್ರ ಪಾಲಾಗಲಿಲ್ಲ, ಇಬ್ಬರಿಗೂ ಪೂರ್ತಿಯಾಗಿಯೇ ಬಂತು. ಕೃಷ್ಣರಾಜ ಸಾಗರವನ್ನು ಕಟ್ಟಿಸಿದ ವಿಶ್ವೇಶ್ವರಯ್ಯನವರು ಹುಟ್ಟಿದ ಊರಿನಲ್ಲಿ ಈ ಮಾತನ್ನು ಹೇಳಬೇಕಾಗಿರುವುದು ವಿಪರ್ಯಾಸ.

ಹೆಬ್ಬಾಳ–ನಾಗವಾರ ಕಣಿವೆಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಸಂಸ್ಕರಿಸಿದ ನೀರಿನ ಬಗೆಗೂ ಒಂದು ಮಾತು. ಆ ನೀರು ಎರಡನೆಯ ಹಂತದವರೆಗೆ ಮಾತ್ರ ಶುದ್ಧೀಕರಿಸಿದ್ದು; ಯೋಜನೆಯ ಉದ್ದೇಶ ಅಂತರ್ಜಲ ಮರುಪೂರಣ. ಕೋಸನ್ನು ಅನೇಕರು ಹಸಿಯಾಗಿಯೇ ತಿನ್ನುತ್ತಾರೆ. ಕೆರೆಯಿಂದ ನೇರವಾಗಿ ಪಂಪು ಮಾಡಿ ಇದಕ್ಕೆ ಹಾಯಿಸಬಾರದು.

ಇನ್ನು ಬೇಸಾಯದ ಸಂಗತಿ. ಗೋಲ್ಡನ್ ಏಕರ್‌ನಂತಹ ಬೇಗ ಬರುವ ತಳಿ ನಾಟಿಯಾದ ಎರಡು ತಿಂಗಳ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಪೂಸಾ ಡ್ರಮ್‌ಹೆಡ್‌ನಂತಹ ತಡ ತಳಿಗೆ ಸುಮಾರು ನಾಲ್ಕು ತಿಂಗಳು ಬೇಕು. ಗಡ್ಡೆ ಗಟ್ಟಿಯಾಗಿ ಕಟ್ಟಲು 15ರಿಂದ 20 ಡಿಗ್ರಿ ತಂಪು ಹಿತ. ನವೆಂಬರ್ ಕೊನೆಯಲ್ಲಿ ತಡ ತಳಿ ನೆಟ್ಟರೆ ಅದು ಗಡ್ಡೆ ಕಟ್ಟುವಾಗ ಬೇಸಿಗೆ ಬಂದಿರುತ್ತದೆ. ಗಡ್ಡೆ ಸಡಿಲವಾಗುತ್ತದೆ, ಸಡಿಲ ಗಡ್ಡೆ ಎರಡು ದಿನವೂ ತಾಳುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಒಟ್ಟಲು ಹಾಕಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ನಾಟಿ ಮುಗಿಸುವುದು ಲೇಸು. ಅದನ್ನೂ ಒಂದೇ ಬಾರಿಗೆ ಮಾಡದೆ ಹತ್ತು ದಿನಗಳ ಅಂತರದಲ್ಲಿ ಎರಡು ಮೂರು ಕಂತುಗಳಲ್ಲಿ ಮಾಡಿದರೆ ಕೊಯ್ಲೂ ಕಂತುಗಳಲ್ಲಿ ಬರುತ್ತದೆ. ನಮಗೆ ಎಟಕುವ ಅತ್ಯಂತ ಅಗ್ಗದ ಸಂಗ್ರಹಾಗಾರ ಇದು.

ಕೋಸಿನ ಗಿಡಕ್ಕೆ ಹಲವು ವಾರ ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ತಗುಲದೆ ಅದು ಹೂ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಬೀಜ ಕಟ್ಟದು. ಹಿಮಾಚಲದ ಕುಲು ಕಣಿವೆಯಂತಹ ಕಡೆಗಳಿಂದ ಬರಬೇಕು. ರಾಗಿ, ಅವರೆಯ ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳುವ ರೈತ ಕೋಸಿನ ಬೀಜಕ್ಕೆ ಪ್ರತಿ ಸಲವೂ ಅಂಗಡಿಯ ಮುಂದೆ ನಿಲ್ಲಬೇಕು. ಇಡೀ ಹೊಲಕ್ಕೆ ಕೋಸನ್ನೇ ಹಾಕಬೇಡಿರೆಂದು ನಾನು ಹೇಳಲು ಇದೂ ಒಂದು ಕಾರಣ.

ಯೂರಿಯಾವನ್ನು ಸುರಿದರೆ ಗಡ್ಡೆ ದೊಡ್ಡದಾಗುತ್ತದೆ ನಿಜ. ಆದರೆ ಅದರ ಎಲೆ ಮೃದುವಾಗಿ ಬೇಗ ಕೊಳೆಯುತ್ತದೆ. ಇಟ್ಟು ಮಾರುವವರು ಸಾರಜನಕವನ್ನು ಮಿತಗೊಳಿಸಿ, ಪೊಟ್ಯಾಷನ್ನು ಮರೆಯದೆ ಕೊಡಬೇಕು. ಬಲಿತ ಗಡ್ಡೆಗೆ ಒಮ್ಮೆಲೇ ನೀರು ಹೆಚ್ಚಾದರೆ ಬಿರಿಯುತ್ತದೆ. ಬಿರಿದದ್ದನ್ನು ಸಂಗ್ರಹಿಸುವ ಪ್ರಶ್ನೆಯೇ ಇಲ್ಲ.

ವಜ್ರಬೆನ್ನಿನ ಪತಂಗ ಕೋಸಿನ ದೊಡ್ಡ ಶತ್ರು. ಅದು ಬಹುತೇಕ ಎಲ್ಲ ಬಗೆಯ ಕೀಟನಾಶಕಗಳಿಗೂ ನಿರೋಧ ಬೆಳೆಸಿಕೊಂಡ ಕೀಟ. ಕೊಯ್ಲಿನ ಹಿಂದಿನ ದಿನವೂ ಔಷಧಿ ಹೊಡೆದ ಗಡ್ಡೆಯನ್ನು ಇಟ್ಟು ಮಾರುವುದೆಂದರೆ ವಿಷವನ್ನು ಕಾಪಿಟ್ಟಂತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೊಂದು ಸರಳ ಉಪಾಯ ತೋರಿಸಿದ್ದಾರೆ: ಕೋಸಿನ ಪ್ರತಿ 25 ಸಾಲುಗಳಿಗೆ ಎರಡು ಸಾಲು ಸಾಸಿವೆ. ಒಂದನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಗೆ ಮರುಳಾಗಿ ಮೊಟ್ಟೆಗಳನ್ನು ಅಲ್ಲಿಯೇ ಇಡುತ್ತದೆ. ಜೊತೆಗೆ ಬೇವಿನ ಬೀಜದ ಕಷಾಯ. ಬೇವು ನಮ್ಮ ಬದುಗಳಲ್ಲಿಯೇ ಇದೆ. ಬೀಜ ಆಯುವ ವ್ಯವಧಾನವೊಂದು ಬೇಕು.

ಕೊಯ್ಯುವಾಗ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಕೊಯ್ಯಿರಿ. ಹೊರಗಿನ ಮೂರು ನಾಲ್ಕು ಎಲೆಗಳನ್ನು ಬಿಡಿಸದಿರಿ. ಅವೇ ಗಡ್ಡೆಯ ಹೊದಿಕೆ. ಎಸೆಯಬೇಡಿರಿ, ಏಟು ಬಿದ್ದ ಜಾಗದಿಂದಲೇ ಕೊಳೆ ಆರಂಭವಾಗುತ್ತದೆ. ಮಾಗಿದ ಬಾಳೆ, ಟೊಮೆಟೊಗಳ ಬಳಿ ಇಡಬಾರದು. ಅವು ಹೊರಬಿಡುವ ಎಥಿಲೀನ್ ಅನಿಲದಿಂದ ಕೋಸಿನ ಎಲೆ ಹಳದಿಯಾಗಿ ಕಳಚುತ್ತದೆ.

ಇಡುವುದಕ್ಕೆ ದೆಹಲಿಯ ಪೂಸಾ ಸಂಸ್ಥೆ ರೂಪಿಸಿದ ವಿದ್ಯುತ್ ಬೇಡದ ತಂಪುಕೋಣೆ ಸಾಕು. ಇಟ್ಟಿಗೆಯ ಎರಡು ಗೋಡೆ, ನಡುವೆ ಏಳೂವರೆ ಸೆಂಟಿಮೀಟರ್ ಸಂದಿ, ಸಂದಿಯಲ್ಲಿ ಮರಳು, ಮೇಲೆ ಹುಲ್ಲಿನ ಮುಚ್ಚಳ. ಬೆಳಿಗ್ಗೆ, ಸಂಜೆ ಮರಳನ್ನು ನೆನೆಸಿದರೆ ನೀರು ಆವಿಯಾಗುತ್ತ ಒಳಗನ್ನು ತಂಪಾಗಿಸುತ್ತದೆ. ನಮ್ಮ ಮಣ್ಣಿನ ಹೂಜಿ ಮಾಡುವುದೂ ಇದನ್ನೇ. ಸಣ್ಣ ಕೋಣೆಯಲ್ಲಿ ಸುಮಾರು ಒಂದು ಕ್ವಿಂಟಲ್ ತರಕಾರಿ ಹಿಡಿಯುತ್ತದೆ. ಗಾಳಿ ಒಣಗಿರುವ ಜನವರಿ, ಫೆಬ್ರವರಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಜಡಿಮಳೆಯಲ್ಲಿ ಪ್ರಯೋಜನವಿಲ್ಲ. ಅದಕ್ಕೂ ಮೀರಿ ಉಳಿದದ್ದನ್ನು ತಾಯಂದಿರು ಸಣ್ಣಗೆ ಹೆಚ್ಚಿ, ಕಿಲೋಗೆ 20ರಿಂದ 25 ಗ್ರಾಂ ಉಪ್ಪು ಬೆರೆಸಿ, ಅದರ ರಸದಲ್ಲೇ ಮುಳುಗುವಂತೆ ಜಾಡಿಯಲ್ಲಿ ಒತ್ತಿಟ್ಟರೆ ಹುಳಿಬಂದು ಉಳಿಯುತ್ತದೆ. ಜರ್ಮನ್ನರು, ಕೊರಿಯನ್ನರು ಇದೇ ಬಗೆಯ ಹುಳಿಕೋಸನ್ನು ತಲೆಮಾರುಗಳಿಂದ ತಿನ್ನುತ್ತ ಬಂದಿದ್ದಾರೆ. ನಮ್ಮ ನಾಲಿಗೆಗೆ ಅದು ಹಿಡಿಸೀತೆ ಎಂಬುದು ಬೇರೆ ಮಾತು. ಒಗ್ಗರಣೆ ಬಿದ್ದರೆ ಹಿಡಿಸಬಹುದು.

ಶಾಲೆಯ ಮಕ್ಕಳಿಗೆ ಒಂದು ಕೆಲಸ ಒಪ್ಪಿಸುತ್ತಿದ್ದೇನೆ. ಒಂದೇ ಹೊಲದ, ಒಂದೇ ದಿನ ಕೊಯ್ದ ಹದಿನೈದು ಗಡ್ಡೆಗಳನ್ನು ತನ್ನಿರಿ. ಐದನ್ನು ಜಗಲಿಯ ನೆರಳಿನಲ್ಲಿ, ಐದನ್ನು ಒದ್ದೆ ಗೋಣಿಯ ಕೆಳಗೆ, ಐದನ್ನು ತಂಪುಕೋಣೆಯಲ್ಲಿ ಇಡಿರಿ. ಪ್ರತಿದಿನ ಒಂದೇ ಹೊತ್ತಿಗೆ ತೂಗಿ, ತೂಕವನ್ನೂ ಹಳದಿಯಾದ ಎಲೆಗಳ ಸಂಖ್ಯೆಯನ್ನೂ ಬರೆಯಿರಿ. ತಂಪುಕೋಣೆಗೆ ದಿನವೂ ಎಷ್ಟು ಬಿಂದಿಗೆ ನೀರು ಹಾಕಿದಿರೆಂಬುದನ್ನು ಅದರ ಪಕ್ಕದಲ್ಲೇ ಬರೆಯಲು ಮರೆಯಬೇಡಿರಿ.